ಸಿನಿಮಾದಲ್ಲಿ ನಿಮ್ಮದೇ ಕಾದಂಬರಿ ಕಂಡರೆ ಏನು ಮಾಡಬೇಕು?

ಥಿಯೇಟರ್‌ನಲ್ಲಿ ಕೂತಿದ್ದೀರಿ. ಇಂಟರ್ವಲ್ ಹೊತ್ತಿಗೆ ಎದೆ ಧಸಕ್ಕೆನ್ನುತ್ತದೆ. ಇದು ನಾನು ಬರೆದದ್ದೇ ಅಲ್ವಾ? ಟೈಟಲ್ ಕಾರ್ಡಿನಲ್ಲಿ ನಿಮ್ಮ ಹೆಸರಿಲ್ಲ. ಸಿಟ್ಟು ಬರುತ್ತದೆ, ಬರಲೇಬೇಕು. ಆದರೆ ಫೇಸ್‌ಬುಕ್‌ನಲ್ಲಿ 'ಕಳ್ಳರು' ಎಂದು ಬರೆಯಲು ಆತುರ ಬೇಡ. ಅವರೇ ನಿಮ್ಮ ಮೇಲೆ ಮಾನನಷ್ಟದ ಕೇಸು ಹಾಕಬಹುದು.

ಮೊದಲು ಸಿನಿಮಾವನ್ನು ಇನ್ನೊಮ್ಮೆ ನೋಡಿ. ಮನೆಗೆ ಬಂದು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಪುಸ್ತಕದ ಪುಟ, ಬಲಗಡೆ ಸಿನಿಮಾದ ದೃಶ್ಯ. ಇಲ್ಲಿ ನಿಮ್ಮ ಬಗ್ಗೆಯೇ ಕಟ್ಟುನಿಟ್ಟಾಗಿರಿ. 'ಎರಡರಲ್ಲೂ ಹಳ್ಳಿ ಹುಡುಗಿ ಪೇಟೆಗೆ ಬರುತ್ತಾಳೆ' ಎಂದರೆ ಸಾಲದು. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ನೀವು ಅದನ್ನು ಹೇಳಿದ ರೀತಿಗೆ ಇದೆ. ಘಟನೆಗಳು ಬರುವ ಕ್ರಮ, ಪಾತ್ರದ ಚಹರೆ, ಸಂಭಾಷಣೆ ಇವನ್ನು ಹುಡುಕಿ. ನಿಮ್ಮ ಪುಸ್ತಕದಲ್ಲಿದ್ದ ತಪ್ಪೊಂದು ಸಿನಿಮಾದಲ್ಲೂ ಹಾಗೇ ಬಂದಿದ್ದರೆ ಅದು ಒಳ್ಳೆಯ ಸಾಕ್ಷಿ.

ಆರ್.ಜಿ. ಆನಂದ್ ಅವರ 'ಹಮ್ ಹಿಂದೂಸ್ತಾನಿ' ನಾಟಕ ಮತ್ತು 'ನ್ಯೂ ಡೆಲ್ಲಿ' ಸಿನಿಮಾದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1978ರಲ್ಲಿ ನಾಟಕಕಾರರು ಸೋತರು. ಪ್ರಾಂತೀಯತೆ ಎರಡರಲ್ಲೂ ಇತ್ತು. ಆದರೆ ಸಿನಿಮಾದಲ್ಲಿ ಜಾತಿ, ವರದಕ್ಷಿಣೆಯ ವಿಷಯಗಳೂ ಇದ್ದವು, ಕಥೆ ನಡೆದ ದಾರಿಯೇ ಬೇರೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಇದು ಅದರದೇ ನಕಲು ಎಂದು ಖಚಿತವಾಗಿ ಅನ್ನಿಸಬೇಕು ಎಂದಿತು ಕೋರ್ಟು. ಹಾಗಾಗಿ ನಿಮ್ಮ ಪಟ್ಟಿಯನ್ನು ತೋರಿಸದೆ ಇಬ್ಬರು ಗೆಳೆಯರಿಗೆ ಪುಸ್ತಕ ಓದಿಸಿ, ಸಿನಿಮಾ ತೋರಿಸಿ. ಅವರಿಗೆ ಹಾಗನ್ನಿಸದಿದ್ದರೆ ಇನ್ನೊಮ್ಮೆ ಯೋಚಿಸಿ.

ಆಮೇಲೆ ಕಾಗದಪತ್ರ. ಮೊದಲ ಮುದ್ರಣದ ಪ್ರತಿ, ಹಸ್ತಪ್ರತಿ, ಸಿನಿಮಾದವರಿಗೆ ಕಥೆ ಕಳಿಸಿದ್ದ ಇಮೇಲ್ ಅಥವಾ ವಾಟ್ಸ್ಯಾಪ್ ಎಲ್ಲ ಜೋಪಾನ ಮಾಡಿ. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ನಿಮ್ಮದು. ಪ್ರಕಾಶಕರ ಜೊತೆಗಿನ ಕರಾರನ್ನೂ ತೆಗೆದು ಓದಿ. ಸಿನಿಮಾ ಹಕ್ಕನ್ನು ಗೊತ್ತಿಲ್ಲದೇ ಬರೆದುಕೊಟ್ಟಿರುವವರು ಇದ್ದಾರೆ.

ಕೊಟ್ಟಿದ್ದರೂ ಎದೆಗುಂದಬೇಡಿ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿದ ಮೇಲೂ 'ಇದನ್ನು ಬರೆದದ್ದು ನಾನು' ಎಂದು ಕೇಳುವ ಹಕ್ಕು ಲೇಖಕರ ಬಳಿಯೇ ಉಳಿಯುತ್ತದೆ. ನನ್ನ ಮಟ್ಟಿಗೆ ದುಡ್ಡಿಗಿಂತ ಇದು ದೊಡ್ಡದು.

ಈಗ ವಕೀಲರ ಮೂಲಕ ನೋಟಿಸ್ ಕಳಿಸಿ. ಸುಮ್ನೆ 'ನ್ಯಾಯ ಬೇಕು' ಎನ್ನಬೇಡಿ. ಏನು ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಥಿಯೇಟರ್ ಓಟ ಮುಗಿದಿದ್ದರೂ ಓಟಿಟಿ ಪ್ರತಿಯಲ್ಲಿ ಹೆಸರು ಸೇರಿಸಲು ಸಾಧ್ಯವಿದೆ, ಅದನ್ನೇ ಕೇಳಿ. ಉತ್ತರ ಬರದಿದ್ದರೆ ದಾವೆ. ತಡ ಮಾಡಬೇಡಿ, ಸಾಮಾನ್ಯವಾಗಿ 3 ವರ್ಷದೊಳಗೆ ಹೂಡಬೇಕು. ಅದೇ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಕಡೆಯ ಜಿಲ್ಲಾ ಕೋರ್ಟಿನಲ್ಲೇ ಹೂಡಬಹುದು. ನಿರ್ಮಾಪಕರು ಮುಂಬೈನವರಾದರೂ ಶಿವಮೊಗ್ಗದ ಲೇಖಕಿ ಅಲ್ಲಿಗೆ ಅಲೆಯಬೇಕಿಲ್ಲ.