ಮೀನು ಗಾಡಿಗೆ ಬಣ್ಣದ ಸ್ಟಿಕ್ಕರ್: ಮಳೆಗಾಲ ದಾಟಬೇಕೆಂದರೆ ಅಂಚು ನೋಡಿ

ಕಾರವಾರದ ಬೈತಖೋಲ ಬಂದರಿನ ಹತ್ತಿರ ಬೆಳಿಗ್ಗೆ ಒಮ್ಮೆ ನಿಂತು ನೋಡಿ. ಸಾಲಾಗಿ ನಿಂತ ಮೀನಿನ ಗಾಡಿಗಳ ಮೈಮೇಲೆ ಹೊಳೆಯುವ ಬಂಗಡೆ, ಕೆಂಪು ಸೀಗಡಿ, ದೊಡ್ಡ ಅಕ್ಷರದಲ್ಲಿ ಮಾಲೀಕರ ಹೆಸರು. ದೂರದಿಂದ ಎಲ್ಲವೂ ಚೆಂದ. ಹತ್ತಿರ ಹೋಗಿ ಹಿಂದಿನ ಬಾಗಿಲಿನ ಕೆಳಗಿನ ಮೂಲೆ ನೋಡಿ. ಸ್ಟಿಕ್ಕರ್ ಉಗುರಿನಷ್ಟು ಎದ್ದಿರುತ್ತದೆ. ಅದರಡಿ ಕಪ್ಪು ಕೊಳೆ, ಒಣಗಿದ ಉಪ್ಪಿನ ಬಿಳಿ ಗೆರೆ. ಬಂಗಡೆಯ ಬಣ್ಣ ಇನ್ನೂ ಹೊಸದರಂತೆಯೇ ಇದೆ, ಅಂಚು ಮಾತ್ರ ಹೋಗಿದೆ.

ನಮ್ಮ ಕರಾವಳಿಯಲ್ಲಿ ಸ್ಟಿಕ್ಕರ್ ಬಣ್ಣ ಮಾಸಿ ಹಾಳಾಗುವುದಕ್ಕಿಂತ ಅಂಚು ಎದ್ದು ಹಾಳಾಗುವುದೇ ಜಾಸ್ತಿ. ಉಪ್ಪುಗಾಳಿ ಇದೆ, ನಾಲ್ಕು ತಿಂಗಳ ಮಳೆ ಇದೆ, ಮೀನಿನ ಗಾಡಿಯಾದರೆ ದಿನಾ ಪೈಪ್ ಹಿಡಿದು ತೊಳೆಯುವುದೂ ಇದೆ. ನೀರು ಒಮ್ಮೆ ಅಂಚಿನೊಳಗೆ ಹೊಕ್ಕರೆ ಮತ್ತೆ ಆ ಜಾಗ ಅಂಟುವುದಿಲ್ಲ. ನಾನು ಕಾರವಾರದಲ್ಲಿ ಬಹಳ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗಾಡಿ ಇರುವವರಿಗೂ, ಈ ಕೆಲಸ ಕಲಿಯುತ್ತಿರುವ ಹುಡುಗರಿಗೂ ಉಪಯೋಗ ಆಗಲಿ ಎಂದು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಯಾವ ವಿನೈಲ್?

ಸ್ಟಿಕ್ಕರ್ ಪ್ರಿಂಟ್ ಮಾಡುವ, ಹಿಂದೆ ಅಂಟು ಇರುವ ಪ್ಲಾಸ್ಟಿಕ್ ಹಾಳೆಯೇ ವಿನೈಲ್. ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತದೆ. ಒಂದು ಕ್ಯಾಲೆಂಡರ್ಡ್. ಇದನ್ನು ಬಿಸಿ ಪಿವಿಸಿಯನ್ನು ರೋಲರ್‌ಗಳ ನಡುವೆ ಒತ್ತಿ ಮಾಡುತ್ತಾರೆ, ಚಪಾತಿ ಲಟ್ಟಿಸಿದ ಹಾಗೆ. ಲಟ್ಟಿಸಿದ ಚಪಾತಿ ಕೈ ಬಿಟ್ಟ ಕೂಡಲೇ ಸ್ವಲ್ಪ ಕುಗ್ಗುತ್ತದಲ್ವಾ? ಇದೂ ಹಾಗೇ, ದಿನ ಕಳೆದಂತೆ ಕುಗ್ಗಲು ನೋಡುತ್ತದೆ. ಇನ್ನೊಂದು ಕಾಸ್ಟ್. ಇದನ್ನು ನೀರಾಗಿ ಹೊಯ್ದು, ಬಿಸಿಯಲ್ಲಿ ಒಣಗಿಸಿ ಮಾಡುತ್ತಾರೆ. ನಮ್ಮ ತೆಳ್ಳೇವು (ತೆಳು ದೋಸೆ) ಹೊಯ್ದ ಹಾಗೆ. ಎಳೆತವೇ ಬಿದ್ದಿಲ್ಲವಾದ್ದರಿಂದ ಕುಗ್ಗುವುದು ಬಹಳ ಕಡಿಮೆ. ದಪ್ಪವೂ ಕಡಿಮೆ, ಸುಮಾರು 50 ಮೈಕ್ರಾನ್. ಕ್ಯಾಲೆಂಡರ್ಡ್ 70ರಿಂದ 100ರವರೆಗೆ ಇರುತ್ತದೆ.

ಎಲ್ಲ ಕಡೆಯೂ ದುಬಾರಿ ಕಾಸ್ಟ್ ಬೇಕೆಂದಿಲ್ಲ. ಐಸ್ ಗಾಡಿಯ ಚಪ್ಪಟೆ ಡಬ್ಬಿ, ಪಿಕಪ್ಪಿನ ಸಪಾಟು ಬಾಗಿಲು, ಇಂಥ ಜಾಗಕ್ಕೆ ಒಳ್ಳೆಯ ಪಾಲಿಮೆರಿಕ್ (ಕಡಿಮೆ ಕುಗ್ಗುವ ಜಾತಿಯ) ಕ್ಯಾಲೆಂಡರ್ಡ್ ಸಾಕು. ಉಬ್ಬು ತಗ್ಗಿನ ತಗಡು, ರಿವೆಟ್ ಸಾಲು, ಟೆಂಪೋ ಟ್ರಾವೆಲರಿನ ಗುಂಡಗಿನ ಮೂಲೆ ಇದ್ದರೆ ಮಾತ್ರ ಕಾಸ್ಟ್ ಬಿಟ್ಟು ಬೇರೆ ಮಾತೇ ಬೇಡ. ಪ್ರಿಂಟಿನ ಮೇಲೆ ಹಾಕುವ ಪಾರದರ್ಶಕ ಹಾಳೆ, ಅಂದರೆ ಲ್ಯಾಮಿನೇಷನ್ ಕೂಡ ಕೆಳಗಿನ ವಿನೈಲ್‌ನ ಜಾತಿಯದ್ದೇ ಇರಬೇಕು. ಕಾಸ್ಟ್ ಮೇಲೆ ಕ್ಯಾಲೆಂಡರ್ಡ್ ಲ್ಯಾಮಿನೇಷನ್ ಹಾಕಿದರೆ ಮೇಲಿನದು ಕುಗ್ಗುವಾಗ ಕೆಳಗಿನದನ್ನೂ ಎಳೆದುಕೊಂಡು ಏಳುತ್ತದೆ.

ಡಿಸೈನ್ ಮತ್ತು ಪ್ರಿಂಟ್

ಡಿಸೈನ್ ಮಾಡುವ ಮೊದಲು ಗಾಡಿಯ ಹತ್ತಿರ ಟೇಪ್ ಹಿಡಿದು ಹೋಗಿ. ಹಿಡಿಕೆ, ಕೀಲು, ಪೆಟ್ರೋಲ್ ಮುಚ್ಚಳ, ಇಂಡಿಕೇಟರ್, ಬಾಗಿಲ ಸಂದು, ಎಲ್ಲದರ ಅಳತೆ ಬರೆದುಕೊಳ್ಳಿ. ನೇರವಾಗಿ ಎದುರು ನಿಂತು ಫೋಟೋ ತೆಗೆಯಿರಿ. ಫೋನ್ ನಂಬರಿನ ಒಂದು ಅಂಕಿ ಬಾಗಿಲ ಸಂದಿಗೆ ಬಿದ್ದರೆ ಇಡೀ ಕೆಲಸ ವ್ಯರ್ಥ.

ಕನ್ನಡ ಅಕ್ಷರದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ. ಇಂಗ್ಲಿಷ್ ಸಾಲಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಒತ್ತು ಕೆಳಗಿನ ಪಟ್ಟಿಯ ಮೇಲೋ ತಗಡಿನ ಮಡಿಕೆಯೊಳಗೋ ಹೋಗಿ ಕೂರುತ್ತದೆ. 'ಮತ್ಸ್ಯ' ಎಂಬ ಪದವನ್ನೇ ತೆಗೆದುಕೊಳ್ಳಿ. ಒಂದು ತಕಾರಕ್ಕೆ ಸಕಾರದ ಒತ್ತು, ಯಕಾರದ ಒತ್ತು, ಎರಡೂ. ಒಂದು ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ಫೈಲ್ ತೆರೆದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಆದ್ದರಿಂದ ಪ್ರಿಂಟಿಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಿಗೆ ಬದಲಿಸಿ. ಬದಲಿಸಿದ ಮೇಲೆ ಗಾಡಿಯವರನ್ನೇ ಕೂರಿಸಿ ಗಟ್ಟಿಯಾಗಿ ಓದಿಸಿ. ನಾವು ಹತ್ತು ಸಲ ನೋಡಿದ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಮ್ಮ ಊರಿನ ಹೆಸರು ತಪ್ಪಾದರೆ ಅವರಿಗೆ ತಟ್ಟನೆ ಕಾಣುತ್ತದೆ.

ಚಿತ್ರ ನಿಜ ಅಳತೆಯಲ್ಲಿ ಇಂಚಿಗೆ 100ರಿಂದ 150 ಪಿಕ್ಸೆಲ್ ಇದ್ದರೆ ಸಾಕು, ಗಾಡಿಯನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋ ಮಾತ್ರ ಬೇಡ, ಅದು ಕುಗ್ಗಿ ಬಂದಿರುತ್ತದೆ. ಸುತ್ತಲೂ ಎರಡು ಇಂಚು ಜಾಸ್ತಿ ಚಿತ್ರ ಬಿಡಿ. ಮೊಬೈಲಿನಲ್ಲಿ ಕಂಡ ಸಮುದ್ರದ ನೀಲಿ ಇಂಕಿನಲ್ಲಿ ಹಾಗೇ ಬರುವುದಿಲ್ಲ. ಒಂದಡಿ ಸ್ಯಾಂಪಲ್ ತೆಗೆದು ಬಿಸಿಲಿಗೆ ಹಿಡಿದು ತೋರಿಸಿ, ಒಪ್ಪಿದ ಮೇಲೆ ಮುಂದಿನ ಮಾತು.

ಪ್ರಿಂಟ್ ಆದ ಕೂಡಲೇ ಲ್ಯಾಮಿನೇಷನ್ ಮಾಡಬೇಡಿ. ಸಾಲ್ವೆಂಟ್, ಇಕೋ ಸಾಲ್ವೆಂಟ್ (ಆವಿಯಾಗಿ ಹೋಗುವ ದ್ರಾವಕ ಬೆರೆತ) ಇಂಕಾದರೆ ಕನಿಷ್ಠ 24 ಗಂಟೆ, ಮಳೆಗಾಲದಲ್ಲಿ 48 ಗಂಟೆ ಗಾಳಿಗೆ ಬಿಡಿ. ರೋಲನ್ನು ಬಿಗಿಯಾಗಿ ಸುತ್ತಿಟ್ಟರೆ ಒಳಗೆ ಗಾಳಿ ಆಡುವುದಿಲ್ಲ, ಸಡಿಲವಾಗಿ ಬಿಡಿಸಿ ನಿಲ್ಲಿಸಿ. ಸಾಲ್ವೆಂಟ್ ಒಳಗೇ ಉಳಿದರೆ ಅಂಟು ಮೆತ್ತಗಾಗಿ ಅಂಚು ಸುರುಳಿ ಏಳುತ್ತದೆ. ಅರ್ಜೆಂಟಿದೆ ಎಂದು ಇಲ್ಲಿ ಅವಸರ ಮಾಡಿದ ಕೆಲಸ ಮುಂದಿನ ಮಳೆಗೆ ವಾಪಸ್ ಬರುತ್ತದೆ.

ಎಲ್ಲಿ ಅಂಟಿಸಬಾರದು

ನಂಬರ್ ಪ್ಲೇಟ್, ದೀಪ, ತೂಕ ಬರೆದ ಅಕ್ಷರ, ರಿಫ್ಲೆಕ್ಟರ್ ಪಟ್ಟಿ, ಇವುಗಳ ಮೇಲೆ ಒಂದು ಎಳೆಯೂ ಬರಬಾರದು. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಪಟ್ಟಿ ಸುಮ್ನೆ ಚೆಂದಕ್ಕೆ ಹಾಕಿದ್ದಲ್ಲ. ರಾತ್ರಿ ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತ ಗಾಡಿಯನ್ನು ಹಿಂದಿನವರಿಗೆ ತೋರಿಸುವುದು ಅದೇ. ಗಾಜಿಗೂ ಬೇಡ. ಮುಂದಿನ ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70, ಪಕ್ಕದ ಗಾಜಿನಲ್ಲಿ ಶೇಕಡಾ 50 ಬೆಳಕು ಹಾಯಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಗಾಡಿಯ ಮೂಲ ಬಣ್ಣವೇ ಬದಲಾಗುವಷ್ಟು ಸುತ್ತುವುದಾದರೆ ಆರ್‌ಸಿಯಲ್ಲೂ ಬಣ್ಣ ಬದಲಾಗಬೇಕು. ಬೇರೆಯವರ ಜಾಹೀರಾತು ಹಾಕಿಸುವುದಾದರೂ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಕೆಎ 30 ಆದರೆ ಕಾರವಾರ, 31 ಆದರೆ ಶಿರಸಿ, 47 ಹೊನ್ನಾವರ, 65 ದಾಂಡೇಲಿ.

ಗಾಡಿ ತೊಳೆಯುವುದೇ ಅರ್ಧ ಕೆಲಸ

ನಾನು ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಪಿಕಪ್ ಬಂತು. ಪೇಂಟ್ ಹೊಡೆಸಿ ನಾಲ್ಕು ದಿನ ಆಗಿತ್ತು. ಮುಟ್ಟಿದರೆ ಒಣಗಿದೆ. ಅಂಟಿಸಿದೆ. ಮೂರನೇ ದಿನ ಪಕ್ಕದ ತಗಡಿನ ತುಂಬ ಹಪ್ಪಳದ ಗುಳ್ಳೆಯ ಹಾಗೆ ಎದ್ದಿತ್ತು. ಕೀಳಲು ಹೋದರೆ ಸ್ಟಿಕ್ಕರ್ ಜೊತೆ ಪೇಂಟೂ ಬಂತು. ಪೇಂಟಿನೊಳಗಿನ ಥಿನ್ನರ್ ವಾರಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ, ಅದಕ್ಕೆ ಹೋಗಲು ದಾರಿ ಬೇಕು. ಆ ಗಾಡಿಗೆ ನನ್ನ ಖರ್ಚಿನಲ್ಲೇ ಮತ್ತೆ ಪೇಂಟ್ ಮಾಡಿಸಿಕೊಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಹೊಸ ಪೇಂಟಿನ ಗಾಡಿಯನ್ನು ಮೂರು ನಾಲ್ಕು ವಾರ ಬಿಟ್ಟೇ ತೆಗೆದುಕೊಳ್ಳುತ್ತೇನೆ.

ಹಳೆ ಪೇಂಟಿಗೆ ಬೇರೆ ಪರೀಕ್ಷೆ. ಗಟ್ಟಿ ಅಂಟಿನ ಟೇಪ್ ಒಂದು ತುಂಡು ಒತ್ತಿ ಹಚ್ಚಿ, ಜೋರಾಗಿ ಕಿತ್ತು ನೋಡಿ. ಟೇಪಿನಲ್ಲಿ ಪೇಂಟ್ ಬಂತೆಂದರೆ ಆ ತಗಡು ಸ್ಟಿಕ್ಕರನ್ನೂ ಹಿಡಿಯುವುದಿಲ್ಲ. ತುಕ್ಕಿನ ಮೇಲೆ ಅಂಟಿಸಿ ಮುಚ್ಚುವುದಂತೂ ಬೇಡವೇ ಬೇಡ. ಒಳಗೆ ತುಕ್ಕು ಬೆಳೆಯುತ್ತಲೇ ಹೋಗುತ್ತದೆ.

ಈಗ ತೊಳೆಯುವುದು. ಮೊದಲು ಸೋಪಿನ ಪುಡಿ, ಬಹಳಷ್ಟು ನೀರು. ಮೀನಿನ ಗಾಡಿಯ ಜಿಡ್ಡು ಒಂದು ಸಲಕ್ಕೆ ಹೋಗುವುದಿಲ್ಲ, ಎರಡು ಸಲ ಉಜ್ಜಿ. ಆಯುಧ ಪೂಜೆ ಆದ ಮೇಲೆ ಬಂದ ಗಾಡಿಯಾದರೆ ಎಣ್ಣೆ ಕುಂಕುಮದ ಗುರುತು, ಹೂವಿನ ಹಾರಕ್ಕೆ ಹಚ್ಚಿದ ಟೇಪಿನ ಅಂಟು ಹುಡುಕಿ ತೆಗೆಯಿರಿ. ಆಮೇಲೆ ತಗಡಿನ ಮೇಲೆ ನೀರು ಹಾಕಿ ನೋಡಿ. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತು ಮುತ್ತಾಗಿ ನಿಂತರೆ ಇನ್ನೂ ಮೇಣವೋ ಎಣ್ಣೆಯೋ ಇದೆ ಎಂದರ್ಥ. ಹಾಳೆಯ ಹಾಗೆ ಹರಡಿ ಇಳಿದರೆ ಸರಿ.

ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಒಣ ಬಟ್ಟೆ. ಆಲ್ಕೋಹಾಲ್ ತಾನಾಗಿ ಆರುವ ಮೊದಲೇ ಒಣ ಬಟ್ಟೆ ಹೋಗಬೇಕು, ಇಲ್ಲವಾದರೆ ಕರಗಿದ ಜಿಡ್ಡು ಅಲ್ಲೇ ಕೂರುತ್ತದೆ. ಬಾಗಿಲಿನ ಒಳಮಡಿಕೆ, ರಬ್ಬರ್ ಪಟ್ಟಿಯ ಬುಡ, ಹಿಡಿಕೆಯ ಹಿಂದೆ, ರಿವೆಟ್ ಸುತ್ತ ಬೆರಳಿಗೆ ಬಟ್ಟೆ ಸುತ್ತಿ ಒರೆಸಿ. ಬಟ್ಟೆ ಕಪ್ಪಾಗದೆ ಬರುವವರೆಗೆ ಬಿಡಬೇಡಿ. ಸ್ಟಿಕ್ಕರಿನ ಅಂಚು ಬಂದು ಕೂರುವುದು ಇದೇ ಜಾಗಗಳಲ್ಲಿ.

ನಮ್ಮಲ್ಲಿ ಇನ್ನೊಂದು ತೊಡಕು ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಗಾಡಿಗಳು ಬಿಡುವಾಗುವುದು ಆಗಲೇ. "ಅಣ್ಣಾ, ಈಗ ಬಿಡುವಿದೆ, ಅಂಟಿಸಿ ಬಿಡಿ" ಎಂದು ಬರುತ್ತಾರೆ. ಅಂಟಿಸಲು ಅದಕ್ಕಿಂತ ಕೆಟ್ಟ ಸಮಯ ಇಲ್ಲ. ತಗಡಿನ ಸಂದಿನೊಳಗೆ ನೀರು ಇರುತ್ತದೆ, ಹೊರಗೆ ಕಾಣುವುದಿಲ್ಲ. ಮಾಡಲೇಬೇಕು ಅಂದರೆ ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಮರುದಿನ ಸಂದು ಸಂದಿಗೆ ಹೀಟ್ ಗನ್ ಹಿಡಿದು ಒಣಗಿಸಿ. ನನ್ನನ್ನು ಕೇಳಿದರೆ ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಗಿನ ಹೊತ್ತು ನೆರಳಿನಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ತಗಡಿಗೆ ವಿನೈಲ್ ಮುಟ್ಟಿದ ಕೂಡಲೇ ಕಚ್ಚಿಕೊಳ್ಳುತ್ತದೆ, ಎತ್ತಿ ಸರಿ ಮಾಡಲು ಹೋದರೆ ಉದ್ದ ಎಳೆಯುತ್ತದೆ.

ಅಂಟಿಸುವುದು

ದೊಡ್ಡ ಗಾಡಿಗೆ ಒಂದೇ ಹಾಳೆ ಸಾಲದು. ರೋಲಿನ ಅಗಲ ಸಾಮಾನ್ಯವಾಗಿ ನಾಲ್ಕರಿಂದ ಐದು ಅಡಿ ಅಂದುಕೊಳ್ಳಿ. ತುಂಡುಗಳನ್ನು ಅರ್ಧದಿಂದ ಒಂದು ಇಂಚು ಒಂದರ ಮೇಲೊಂದು ಕೂರಿಸಬೇಕು. ಯಾವುದು ಮೇಲೆ? ಮನೆಗೆ ಹಂಚು ಹೊದೆಸುವುದನ್ನು ನೆನಪು ಮಾಡಿಕೊಳ್ಳಿ. ಸೂರಿನಿಂದ ಶುರು ಮಾಡಿ ಮೇಲೆ ಹೋಗುತ್ತಾರೆ, ಮೇಲಿನ ಹಂಚು ಕೆಳಗಿನದನ್ನು ಮುಚ್ಚುತ್ತದೆ. ಇಲ್ಲೂ ಕೆಳಗಿನ ತುಂಡು ಮೊದಲು, ಮೇಲಿನದು ಅದರ ಮೇಲೆ. ಅಡ್ಡಕ್ಕೆ ಬಂದರೆ ಗಾಡಿಯ ಹಿಂದಿನಿಂದ ಮುಂದಕ್ಕೆ ಅಂಟಿಸುತ್ತ ಬನ್ನಿ. ಆಗ ಮುಂದಿನ ತುಂಡು ಹಿಂದಿನದರ ಮೇಲೆ ಕೂರುತ್ತದೆ, ಓಡುವಾಗ ಗಾಳಿ ಅಂಚಿನೊಳಗೆ ನುಗ್ಗುವುದಿಲ್ಲ.

ಹಿಂಬದಿ ಕಾಗದ ತೆಗೆಯದೆ ತುಂಡನ್ನು ಮಾಸ್ಕಿಂಗ್ ಟೇಪಿನಲ್ಲಿ ಗಾಡಿಗೆ ಹಚ್ಚಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಸಾಲು ಗಾಡಿಯ ಬಾಡಿಗೆ ಸಮ ಕಾಣಬೇಕು. ನೆಲಕ್ಕೆ ಸಮ ನೋಡಿದರೆ ಮೋಸ ಹೋಗುತ್ತೀರಿ, ನಮ್ಮ ರಸ್ತೆ ಎಲ್ಲಿ ಸಮ ಇದೆ? ಸರಿ ಕಂಡ ಮೇಲೆ ನಡುವೆ ಮೇಲಿಂದ ಕೆಳಕ್ಕೆ ಉದ್ದ ಟೇಪ್ ಹಚ್ಚಿ. ಇದು ಬಾಗಿಲ ಕೀಲಿನ ಹಾಗೆ. ಒಂದು ಅರ್ಧ ಮಡಚಿ, ಕಾಗದ ಬಿಡಿಸಿ ಕತ್ತರಿಸಿ, ವಿನೈಲನ್ನು ಬಿಗಿಯಾಗಿ ಹಿಡಿದು ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಒತ್ತಿ ಸವರುವ ಪ್ಲಾಸ್ಟಿಕ್ ಪಟ್ಟಿ) ಎಳೆಯಿರಿ. ಪ್ರತಿ ಎಳೆತ ಹಿಂದಿನದರ ಅರ್ಧ ಭಾಗದ ಮೇಲೆ ಹಾಯಬೇಕು. ಸ್ಕ್ವೀಜಿಯ ಬಾಯಿಗೆ ಬಟ್ಟೆ ಪಟ್ಟಿ ಇರಲಿ, ಇಲ್ಲವಾದರೆ ಗೀರು ಬೀಳುತ್ತದೆ. ಆ ಅರ್ಧ ಆದ ಮೇಲೆ ನಡುವಿನ ಟೇಪ್ ತೆಗೆದು ಇನ್ನೊಂದು ಅರ್ಧ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು, ಹಿಡಿಯಲು ಇನ್ನೊಬ್ಬರು ಬೇಕು.

ಕೆಲವರು ಸೋಪಿನ ನೀರು ಸಿಂಪಡಿಸಿ ಅಂಟಿಸುತ್ತಾರೆ. ಸಣ್ಣ ಅಕ್ಷರಕ್ಕೆ ನಡೆಯುತ್ತದೆ. ಹಿಂಬದಿಯ ಅಂಟಿನಲ್ಲಿ ಗಾಳಿ ಹೋಗಲು ಸಣ್ಣ ಗೀರುಗಳಿರುವ ದೊಡ್ಡ ಪ್ರಿಂಟಿಗೆ ಬೇಡ. ಆ ಗೀರುಗಳಲ್ಲಿ ನೀರು ನಿಂತುಬಿಡುತ್ತದೆ, ನಮ್ಮ ಹವೆಯಲ್ಲಿ ಅದು ಬೇಗ ಆರುವುದಿಲ್ಲ.

ರಿವೆಟ್ ಬಂದಲ್ಲಿ ನಿಧಾನ ಮಾಡಿ. ಮೊದಲು ಅದರ ಮೇಲೆ ಡೇರೆಯ ಹಾಗೆ ವಿನೈಲ್ ಹಾಸಿ ಹೋಗಲಿ. ಆಮೇಲೆ ಸುತ್ತ ಸೂಜಿಯಲ್ಲಿ ಎರಡು ಮೂರು ಚುಕ್ಕಿ ಚುಚ್ಚಿ. ಹೀಟ್ ಗನ್ ಆಡಿಸುತ್ತ, ಮೆತ್ತಗಾದ ಕೂಡಲೇ ರಿವೆಟ್ ಬ್ರಷ್‌ನಿಂದ ಹೊರಗಿನಿಂದ ಒಳಕ್ಕೆ ಗುಂಡಗೆ ತಿರುಗಿಸುತ್ತ ಒತ್ತಿ. ಗಾಳಿ ಸಣ್ಣಗೆ ಪುಸ್ ಎಂದು ಹೊರಟು, ರಿವೆಟ್ಟಿನ ತಲೆ ಪೇಂಟ್ ಹೊಡೆದಷ್ಟು ಸ್ಪಷ್ಟ ಮೂಡುತ್ತದೆ. ಎಷ್ಟು ವರ್ಷ ಮಾಡಿದರೂ ಅದನ್ನು ನೋಡುವಾಗ ನನಗೆ ಖುಷಿಯಾಗುತ್ತದೆ.

ತಗ್ಗಿನಲ್ಲಿ ವಿನೈಲನ್ನು ಎಳೆದು ಕೂರಿಸಿದ್ದರೆ ಅದು ಮತ್ತೆ ಎದ್ದು ಬರಲು ನೋಡುತ್ತದೆ. ಕೊನೆಯಲ್ಲಿ ಆ ಜಾಗವನ್ನೆಲ್ಲ ಮತ್ತೊಮ್ಮೆ ಕಾಯಿಸಬೇಕು. ಕಾಸ್ಟ್ ಆದರೆ ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್. ಕೈ ಅಂದಾಜು ಸಾಲದು, ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ಇಟ್ಟುಕೊಳ್ಳಿ. ಇದನ್ನು ಬಿಟ್ಟವರ ಕೆಲಸ ಒಂದೇ ವಾರದಲ್ಲಿ ಗೊತ್ತಾಗುತ್ತದೆ.

ಬಾಗಿಲ ಸಂದಿನಲ್ಲಿ ಕತ್ತರಿಸಿ, ಜಾಗ ಇದ್ದರೆ ಅಂಚನ್ನು ಒಳಗೆ ಮಡಚಿ. ಮಡಚಲಾಗದಿದ್ದರೆ ತಗಡಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಒಳಗೇ ನಿಲ್ಲಿಸಿ. ರಬ್ಬರ್ ಮೇಲೆ, ಒರಟು ಕಪ್ಪು ಪ್ಲಾಸ್ಟಿಕ್ ಮೇಲೆ ಹತ್ತಿಸಬೇಡಿ, ಅಲ್ಲಿ ಹಿಡಿಯುವುದಿಲ್ಲ. ಮೂಲೆಗಳನ್ನು ಚೂಪಾಗಿ ಬಿಡದೆ ಗುಂಡಗೆ ಕತ್ತರಿಸಿ. ಬ್ಲೇಡ್ ಹೊಸದಿರಲಿ, ಕೈ ಹಗುರ ಇರಲಿ. ಪೇಂಟಿಗೆ ಗೀರು ಬಿದ್ದರೆ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ಮೀನಿನ ಗಾಡಿಯಾದರೆ ಕೆಳಗಿನ ಅಂಚಿಗೂ ಹಿಂದಿನ ಬಾಗಿಲ ಸುತ್ತಲೂ ಎಡ್ಜ್ ಸೀಲರ್ (ಅಂಚಿನೊಳಗೆ ನೀರು ಹೋಗದಂತೆ ಮುಚ್ಚುವ ದ್ರವ) ಹಚ್ಚಿ. ತೆಳುವಾದ ಒಂದು ಗೆರೆ, ಅರ್ಧ ವಿನೈಲ್ ಮೇಲೆ, ಅರ್ಧ ಪೇಂಟ್ ಮೇಲೆ.

ಆಮೇಲೆ

ಎರಡು ಮೂರು ದಿನ ನೀರು ಮುಟ್ಟಿಸಬೇಡಿ, ಅಂಟು ಪೂರ್ತಿ ಹಿಡಿಯಲು ಅಷ್ಟು ಹೊತ್ತು ಬೇಕು. ಮುಂದೆ ತೊಳೆಯುವಾಗ ಪ್ರೆಶರ್ ಪೈಪನ್ನು ಒಂದಡಿ ದೂರ ಹಿಡಿಯಿರಿ, ಅಂಚಿಗೆ ಎದುರಾಗಿ ಹೊಡೆಯಬೇಡಿ. ಈ ಮಾತನ್ನು ಮಾಲೀಕರಿಗೆ ಹೇಳಿದರೆ ಸಾಲದು, ಗಾಡಿ ತೊಳೆಯುವ ಹುಡುಗನಿಗೆ ಹೇಳಿ.

ಮೊದಲ ಮಳೆ ಬಿದ್ದ ವಾರ ಗಾಡಿಯನ್ನು ಒಮ್ಮೆ ಸುತ್ತಿ ನೋಡಿ. ಹಿಂದಿನ ಬಾಗಿಲಿನ ಕೆಳಗಿನ ಎರಡು ಮೂಲೆ, ಚಕ್ರದ ಮೇಲಿನ ಅಂಚು, ಹಿಡಿಕೆಯ ಸುತ್ತ. ಎಲ್ಲಾದರೂ ಎದ್ದಿದ್ದರೆ ಬೆರಳಲ್ಲಿ ಒತ್ತಿ ಕೂರಿಸಲು ಹೋಗಬೇಡಿ, ಅಂಟಿನ ಮೇಲೆ ಆಗಲೇ ಮಣ್ಣು ಕೂತಿರುತ್ತದೆ. ಎದ್ದಷ್ಟನ್ನು ಗುಂಡಗೆ ಕತ್ತರಿಸಿ ತೆಗೆದು, ಆ ಜಾಗ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಹೊಸ ಅಂಚಿಗೆ ಸೀಲರ್ ಹಚ್ಚಿ.