ಸ್ಪ್ಯಾಮ್‌ಗೆ ‘ನಾಳೆ ಬಾ’: ಮೇಲ್ ಸರ್ವರ್‌ನಲ್ಲಿ ಗ್ರೇಲಿಸ್ಟಿಂಗ್ ಹೀಗೆ ಹಾಕಿ

ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಣ್ಣ ಕಚೇರಿಗಳಲ್ಲಿ ಇದನ್ನು ಪದೇ ಪದೇ ನೋಡಿದ್ದೇನೆ. ಉತ್ಸಾಹದಿಂದ ಗ್ರೇಲಿಸ್ಟಿಂಗ್ (ಗುರುತಿಲ್ಲದ ಸರ್ವರ್ ತಂದ ಮೇಲನ್ನು ಸ್ವಲ್ಪ ಹೊತ್ತು ಕಾಯಿಸುವ ಉಪಾಯ) ಹಾಕುತ್ತಾರೆ, ಸ್ಪ್ಯಾಮ್ ಇಳಿಯುತ್ತದೆ. ಅಷ್ಟರಲ್ಲಿ ಯಾರೋ ‘ಒಟಿಪಿ ಬಂದಿಲ್ಲ’ ಎಂದು ಕೂಗಾಡುತ್ತಾರೆ. ಅವತ್ತೇ ಕಿತ್ತು ಹಾಕುತ್ತಾರೆ. ವೈಟ್‌ಲಿಸ್ಟ್, ಅಂದರೆ ಕಾಯಿಸದೆ ಒಳಗೆ ಬಿಡಬೇಕಾದವರ ಪಟ್ಟಿ, ಮೊದಲೇ ಮಾಡಿಕೊಂಡಿದ್ದರೆ ಈ ಗಲಾಟೆ ಇರುತ್ತಿರಲಿಲ್ಲ.

ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ವಾ, ಉಪಾಯ ಅದೇ. ಗುರುತಿಲ್ಲದ ಸರ್ವರ್ ಮೇಲ್ ತಂದರೆ ನಮ್ಮ ಸರ್ವರ್ 450 ಎಂಬ ಕೋಡ್ ಕೊಟ್ಟು, ಸದ್ಯಕ್ಕೆ ಆಗದು ಎನ್ನುತ್ತದೆ. ಸರಿಯಾದ ಸರ್ವರ್ ಮೇಲನ್ನು ಕ್ಯೂನಲ್ಲಿಟ್ಟು ಮತ್ತೆ ಬರುತ್ತದೆ. ಸ್ಪ್ಯಾಮ್ ಬಾಟ್‌ಗಳಲ್ಲಿ ಅನೇಕವು ತಿರುಗಿ ಬರುವುದೇ ಇಲ್ಲ. 2003ರಲ್ಲಿ ಎವಾನ್ ಹ್ಯಾರಿಸ್ ಈ ವಿಧಾನವನ್ನು ಬರೆದು ಪ್ರಕಟಿಸಿದರು.

ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಇದ್ದರೆ, ಗ್ರೇಲಿಸ್ಟಿಂಗ್ ಮಾಡುವ ಪೋಸ್ಟ್‌ಗ್ರೇ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ. ಅದು 10023ನೇ ಪೋರ್ಟ್‌ನಲ್ಲಿ ಕಾಯುತ್ತದೆ. ಪೋಸ್ಟ್‌ಫಿಕ್ಸ್‌ಗೆ ಈಗಲೇ ಜೋಡಿಸಬೇಡಿ.

ಈಗ ವೈಟ್‌ಲಿಸ್ಟ್. ಇಲ್ಲಿ ಅವಸರ ಬೇಡ. ಪೋಸ್ಟ್‌ಗ್ರೇ ಮೂರು ಸಂಗತಿ ನೆನಪಿಡುತ್ತದೆ: ಕಳಿಸಿದ ಯಂತ್ರದ ಐಪಿ, ಕಳಿಸಿದವರ ವಿಳಾಸ, ಪಡೆಯುವವರ ವಿಳಾಸ. ದೊಡ್ಡ ಕಂಪನಿಗಳಲ್ಲಿ ಮೊದಲ ಸಲ ಒಂದು ಯಂತ್ರ ಬಂದರೆ ಎರಡನೇ ಸಲ ಇನ್ನೊಂದು ಬರಬಹುದು. ಐಪಿಯ ಕೊನೆಯ ಭಾಗ ಮಾತ್ರ ಬದಲಾದರೆ ಪೋಸ್ಟ್‌ಗ್ರೇ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಬದಲಾದರೆ ಮತ್ತೆ ಹೊಸಬರೆಂದೇ ಲೆಕ್ಕ. ಹೀಗೆ ಗಂಟೆಗಟ್ಟಲೆ ಕಳೆದರೆ ಒಟಿಪಿ ಬಂದೂ ಏನು ಪ್ರಯೋಜನ?

ಪ್ಯಾಕೇಜಿನ ಜೊತೆ ಒಂದು ವೈಟ್‌ಲಿಸ್ಟ್ ಬರುತ್ತದೆ. ಅದನ್ನು ಮುಟ್ಟದೆ, ‘ವೈಟ್‌ಲಿಸ್ಟ್ ಕ್ಲೈಂಟ್ಸ್’ ಹೆಸರಿನ ಕೊನೆಗೆ ‘ಡಾಟ್ ಲೋಕಲ್’ ಇರುವ ನಿಮ್ಮದೇ ಫೈಲ್ ಮಾಡಿಕೊಳ್ಳಿ. ಅದರಲ್ಲಿ ಬರೆಯಬೇಕಾದ್ದು ಕಳಿಸುವ ಯಂತ್ರದ ಹೆಸರು. ಜನ ಎಡವುವುದು ಇಲ್ಲೇ. ಜಿಮೇಲ್ ಡಾಟ್ ಕಾಮ್ ಎಂದು ಬರೆದು ಸುಮ್ನೆ ಕಾಯುತ್ತಾರೆ. ಜಿಮೇಲ್ ಕಳಿಸುವ ಯಂತ್ರಗಳ ಹೆಸರು ಗೂಗಲ್ ಡಾಟ್ ಕಾಮ್ ಎಂದು ಮುಗಿಯುತ್ತದೆ. ಅದನ್ನೇ ಬರೆಯಿರಿ, ಅದರಡಿಯ ಎಲ್ಲ ಹೆಸರುಗಳೂ ಸೇರಿಕೊಳ್ಳುತ್ತವೆ. ಮೈಕ್ರೋಸಾಫ್ಟ್‌ನದಕ್ಕೆ ಔಟ್‌ಲುಕ್ ಡಾಟ್ ಕಾಮ್. ಬ್ಯಾಂಕು, ಅಂಗಡಿಗಳ ಮೇಲ್ ಎಷ್ಟೋ ಸಲ ಬೇರೆ ಸೇವೆಯವರ ಯಂತ್ರದಿಂದ ಬರುತ್ತದೆ. ಊಹಿಸಬೇಡಿ. ಹಳೆಯ ಮೇಲ್ ಲಾಗ್ ತೆರೆದು, ನಿಮಗೆ ಬೇಕಾದ ಮೇಲ್ ಯಾವ ಯಂತ್ರದಿಂದ ಬಂದಿತ್ತು ಎಂದು ನೋಡಿ ಬರೆದುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಸಿಗುವ ಉದ್ದುದ್ದ ಹಳೆಯ ಪಟ್ಟಿಗಳನ್ನು ಅಂಟಿಸಲೇಬೇಡಿ. ಐಪಿಗಳು ಕೈ ಬದಲಾಯಿಸುತ್ತಿರುತ್ತವೆ.

ಇನ್ನು ಜೋಡಣೆ. ಪೋಸ್ಟ್‌ಫಿಕ್ಸ್‌ನ ಮೇನ್ ಡಾಟ್ ಸಿಎಫ್ ಫೈಲಿನಲ್ಲಿ, ಪಡೆಯುವವರ ಮೇಲಿನ ನಿರ್ಬಂಧಗಳ ಸಾಲಿಗೆ ಪೋಸ್ಟ್‌ಗ್ರೇಯ 10023ನೇ ಪೋರ್ಟನ್ನು ಪಾಲಿಸಿ ಸರ್ವಿಸ್ ಆಗಿ ಸೇರಿಸಿ. ನಿಮ್ಮ ನೆಟ್‌ವರ್ಕ್, ಲಾಗಿನ್ ಆದ ಬಳಕೆದಾರರು, ಬೇರೆಯವರ ಡೊಮೇನ್‌ಗೆ ನಿರಾಕರಣೆ, ಈ ಮೂರೂ ಆದಮೇಲೆಯೇ ಅದು ಇರಬೇಕು. ಮೊದಲೇ ಇಟ್ಟರೆ ನಿಮ್ಮ ಸಿಬ್ಬಂದಿ ಕಳಿಸುವ ಮೇಲೂ ಕಾಯುತ್ತದೆ. ನಂತರ ಪೋಸ್ಟ್‌ಗ್ರೇ, ಪೋಸ್ಟ್‌ಫಿಕ್ಸ್ ಎರಡನ್ನೂ ರೀಲೋಡ್ ಮಾಡಿ.

ಕಾಯಿಸುವ ಸಮಯ 300 ಸೆಕೆಂಡ್ ಎಂದು ಮೊದಲೇ ಇರುತ್ತದೆ. ಹಾಗೇ ಬಿಡಿ. ಗಂಟೆಗೆ ಏರಿಸಿದರೆ ಒಳ್ಳೆಯವರಿಗೇ ತೊಂದರೆ ಜಾಸ್ತಿ.

ಬ್ಯಾಕಪ್ ಎಂಎಕ್ಸ್, ಅಂದರೆ ಮುಖ್ಯ ಸರ್ವರ್ ನಿಂತಾಗ ಮೇಲ್ ಪಡೆಯುವ ಎರಡನೇ ಸರ್ವರ್, ಇದೆಯೇ? ಅಲ್ಲಿ ಗ್ರೇಲಿಸ್ಟಿಂಗ್ ಇಲ್ಲದಿದ್ದರೆ ಸ್ಪ್ಯಾಮ್ ಆ ದಾರಿಯಲ್ಲೇ ನುಗ್ಗುತ್ತದೆ. ನನ್ನ ಸಲಹೆ, ಆ ಬ್ಯಾಕಪ್ಪನ್ನೇ ತೆಗೆದು ಬಿಡಿ. ನಿಮ್ಮ ಸರ್ವರ್ ಸ್ವಲ್ಪ ಹೊತ್ತು ನಿಂತರೂ ಕಳಿಸುವವರ ಕ್ಯೂನಲ್ಲಿ ಮೇಲ್ ಸಾಮಾನ್ಯವಾಗಿ ಕೆಲವು ದಿನ ಉಳಿಯುತ್ತದೆ.

ಮೊದಲ ವಾರ ದಿನಾ ಲಾಗ್‌ನಲ್ಲಿ ‘ಗ್ರೇಲಿಸ್ಟೆಡ್’ ಎಂದು ಹುಡುಕಿ. ಒಂದೇ ಕಂಪನಿಯ ಹೆಸರು ಬೇರೆ ಬೇರೆ ಐಪಿಯಿಂದ ಮತ್ತೆ ಮತ್ತೆ ಕಂಡರೆ, ಅದು ನಿಮಗೆ ಬೇಕಾದವರದ್ದೇ ಎಂದು ಖಚಿತಪಡಿಸಿಕೊಂಡು ಪಟ್ಟಿಗೆ ಸೇರಿಸಿ.