ಸೈಕಲ್ಲಿಗೆ ಕಾರು ತಗುಲಿ ಬಿದ್ದ ಮೇಲೆ ಪರಿಹಾರಕ್ಕೆ ನಾನು ಕಟ್ಟಿದ ಫೈಲು

ತುರ್ತು ಚಿಕಿತ್ಸಾ ವಿಭಾಗದ ಚೀಟಿಯಲ್ಲಿ ಒಂದು ಸಾಲಿತ್ತು: "ಬಲ ಮಣಿಕಟ್ಟಿನಲ್ಲೂ ನೋವು ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಮುರಿತ ಕಾಣುತ್ತಿಲ್ಲ." ನನಗೆ ಕೊನೆಗೆ ಸಿಕ್ಕ ಪರಿಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಆ ಸಾಲಿನಿಂದ.

ಆ ಹೊತ್ತಿಗೆ ಎಲ್ಲರ ಗಮನ ಇದ್ದದ್ದು ಮುರಿದ ಕಾಲರ್ ಬೋನ್ ಮೇಲೆ. ನನಗೂ ಭುಜದ ನೋವಿನ ಮುಂದೆ ಮಣಿಕಟ್ಟಿನದು ಲೆಕ್ಕಕ್ಕೇ ಇರಲಿಲ್ಲ. ಆದರೂ ಡ್ಯೂಟಿ ಡಾಕ್ಟರಿಗೆ ಹೇಳಿದೆ, "ಹೆಬ್ಬೆರಳಿನ ಬುಡದಲ್ಲೂ ನೋಯ್ತಿದೆ ಡಾಕ್ಟ್ರೇ, ಅದನ್ನೂ ಬರ್ಕೊಳ್ಳಿ." ಅವರು ಬರೆದುಕೊಂಡರು. ಆಮೇಲೆ ನೋವು ಇಳಿಯದೆ ಮತ್ತೆ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಒಳಗೆ ಸ್ಕೇಫಾಯ್ಡ್ ಅನ್ನೋ ಎಲುಬು ಬಿರುಕು ಬಿಟ್ಟಿದೆ. ನೋಡೋಕೆ ಗೋಡಂಬಿಯ ಹಾಗೆ, ಅಷ್ಟು ಚಿಕ್ಕದು. ಕೈ ಊರಿ ಬಿದ್ದವರಿಗೆ ಇದು ಮುರಿಯುವುದು ಮಾಮೂಲು. ಮೊದಲ ಎಕ್ಸ್‌ರೇಯಲ್ಲಿ ಕಣ್ಣಿಗೆ ಬೀಳದೆ ಹೋಗುವುದೂ ಅಷ್ಟೇ ಮಾಮೂಲು. ಹತ್ತು ಹದಿನೈದು ದಿನ ಬಿಟ್ಟು ತೆಗೆದರೆ ಕಾಣುತ್ತದೆ. ಈ ಎಲುಬಿಗೆ ರಕ್ತ ಹೋಗುವುದು ಹೆಚ್ಚಾಗಿ ಬೆರಳಿನ ಕಡೆಯಿಂದ. ಹಾಗಾಗಿ ಮುಂಗೈ ಕಡೆ ಉಳಿದ ತುಂಡು ನಿಧಾನಕ್ಕೆ ಕೂಡುತ್ತದೆ, ಕೆಲವರಿಗೆ ಕೂಡುವುದೇ ಇಲ್ಲ. ನನಗೆ ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕಾಯಿತು.

ಕಾರಿನ ವಿಮಾ ಕಂಪನಿಯವರ ವಾದ ಸರಳವಾಗಿತ್ತು. ಭುಜಕ್ಕೆ ನಾವು ಕೊಡುತ್ತೇವೆ, ಮಣಿಕಟ್ಟು ಆಮೇಲೆ ಇನ್ನೆಲ್ಲೋ ಬಿದ್ದು ಆದದ್ದು. ಮೊದಲ ದಿನದ ಚೀಟಿಯಲ್ಲಿ ಆ ಸಾಲು ಇರದಿದ್ದರೆ ಇದಕ್ಕೆ ಉತ್ತರ ಕೊಡುವುದು ಕಷ್ಟವಿತ್ತು. ಈಗ ಯಾರೇ ಸೈಕಲ್‌ನಿಂದ ಬಿದ್ದು ನನಗೆ ಫೋನ್ ಮಾಡಿದರೂ ಮೊದಲು ಹೇಳುವುದು ಇದನ್ನೇ: ಡಾಕ್ಟರ ಹತ್ತಿರ ದೊಡ್ಡ ನೋವು, ಸಣ್ಣ ನೋವು ಅಂತ ಆರಿಸಬೇಡಿ. ತಲೆಯಿಂದ ಕಾಲಿನವರೆಗೆ ಎಲ್ಲೆಲ್ಲಿ ತಾಗಿದೆಯೋ ಎಲ್ಲಾ ಹೇಳಿ, ಬರೆಸಿ, ಬರೆದದ್ದನ್ನು ಓದಿ ನೋಡಿ.

ಕಾರಿನವರು ಪೊಲೀಸರಿಗೆ ಕೊಟ್ಟ ಹೇಳಿಕೆ ಎರಡೇ ಮಾತಿನದು. ತಾವು ನೆಟ್ಟಗೆ ಹೋಗುತ್ತಿದ್ದರಂತೆ, ನಾನು ವಾಲಿಕೊಂಡು ಬಂದು ಕಾರಿಗೆ ತಾಗಿದೆನಂತೆ. ಬಿದ್ದ ಜಾಗದಲ್ಲಿ ಅವರ ಮಾತೇ ಬೇರೆ ಇತ್ತು. "ಪೊಲೀಸು ಗಿಲೀಸು ಬೇಡ, ಆಸ್ಪತ್ರೆ ಖರ್ಚು ಪೂರ್ತಿ ನಾನೇ ನೋಡ್ಕೊಳ್ತೀನಿ" ಅಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರು ಗಾಡಿ ನಿಲ್ಲಿಸಿ, "ಸುಮ್ನಿರಿ, ದೂರು ಕೊಡಿ, ನಾನು ನೋಡಿದ್ದೀನಿ" ಅಂದರು. ಅವರ ನಂಬರನ್ನು ನನ್ನ ಗೆಳೆಯ ತಕ್ಷಣ ಬರೆದುಕೊಂಡ. ಪೊಲೀಸ್ ದಾಖಲೆ ಇಲ್ಲದೆ ವಿಮೆಯವರ ಮುಂದೆ ಹೋದರೆ ಮೊದಲ ಪ್ರಶ್ನೆಗೇ ನಿಲ್ಲಬೇಕಾಗುತ್ತದೆ: ಅಪಘಾತ ಆಗಿದ್ದಕ್ಕೆ ಏನು ಸಾಕ್ಷಿ?

ನಿಜವಾಗಿ ಆದದ್ದು ಇಷ್ಟು. ಹಿಂದಿನಿಂದ ಬಂದ ಕಾರು ನನ್ನನ್ನು ತೀರಾ ಒತ್ತಿಕೊಂಡು ದಾಟಿತು. ಕಾರಿನ ಕನ್ನಡಿ ಹ್ಯಾಂಡಲಿನ ತುದಿಗೆ ಬಡಿಯಿತು. ಇದನ್ನು ನಾನು ಬಾಯಲ್ಲಿ ಹೇಳಿದರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು, ಅಷ್ಟೇ. ಗೆಳೆಯ ಅವತ್ತೇ ಟೇಪು ಹಿಡಿದು ಜಾಗಕ್ಕೆ ಹೋದ. ಡಾಂಬರಿನ ಮೇಲೆ ಪೆಡಲು ಕೆರೆದ ಗೆರೆ ಇನ್ನೂ ಹೊಸದಾಗಿತ್ತು. ರಸ್ತೆಯಂಚಿನ ಬಿಳಿ ಪಟ್ಟಿಯಿಂದ ಒಂದು ಮೊಳದಷ್ಟು ಒಳಗೆ ಅದು ಶುರುವಾಗಿತ್ತು. ಟೇಪು ಅಲ್ಲೇ ಇಟ್ಟು, ಅಂಕಿ ಕಾಣುವ ಹಾಗೆ ಹತ್ತಿರದಿಂದ ಒಂದು, ಹಿಂದಿನ ಕಟ್ಟಡ ಕಾಣುವ ಹಾಗೆ ದೂರದಿಂದ ಒಂದು ಫೋಟೋ ತೆಗೆದ. ಹತ್ತಿರದ ಫೋಟೋ ಅಳತೆ ತೋರಿಸುತ್ತದೆ, ದೂರದ್ದು ಜಾಗ ತೋರಿಸುತ್ತದೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಯಾವ ರಸ್ತೆಯ ಗೆರೆ ಇದು ಅಂತ ಕೇಳುತ್ತಾರೆ. ರಾತ್ರಿ ಮಳೆ ಬಂತು. ಬೆಳಿಗ್ಗೆ ಹೋಗಿದ್ದರೆ ಆ ಗೆರೆ ಸಿಗುತ್ತಿರಲಿಲ್ಲ.

ವಕೀಲರನ್ನು ಹುಡುಕುವಾಗ ಜಾಹೀರಾತು ನೋಡಲಿಲ್ಲ. ಅಪಘಾತದ ಕೇಸು ನಡೆಸಿದ ಒಂದಿಬ್ಬರನ್ನು ಕೇಳಿ ಹೋದೆ. ಕೂತು ಮಾತಾಡುವಾಗ ನಾನು ಕೇಳಿದ್ದು ಮೂರೇ ಸಂಗತಿ. ನನ್ನ ಫೈಲು ದಿನಾ ನೋಡುವವರು ನೀವೋ, ಜೂನಿಯರೋ? ಸೈಕಲ್ಲಿನವರ ಕೇಸು ಮಾಡಿದ್ದೀರಾ? ಫೀಸು ಬರವಣಿಗೆಯಲ್ಲಿ ಕೊಡ್ತೀರಾ? ಮೂರನೆಯದಕ್ಕೆ ಒಬ್ಬರು ನಕ್ಕು ಮಾತು ಬದಲಿಸಿದರು, ನಾನು ಎದ್ದು ಬಂದೆ. ಫೀಸಿನ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಗೆದ್ದ ಹಣದಲ್ಲಿ ಸುಮಾರು ಮೂರನೇ ಒಂದು ಪಾಲು ವಕೀಲರಿಗೆ ಹೋಗುವುದು ವಾಡಿಕೆ. ಭಾರತದಲ್ಲಿ ಗೆದ್ದ ಹಣದಲ್ಲಿ ಪಾಲು ಕೇಳುವಂತೆಯೇ ಇಲ್ಲ, ವಕೀಲರ ಮೇಲಿನ ಮಂಡಳಿಯಾದ ಬಾರ್ ಕೌನ್ಸಿಲ್‌ನ ನಿಯಮ ಅದನ್ನು ತಡೆಯುತ್ತದೆ.

ನಾನು ಒಪ್ಪಿಕೊಂಡ ವಕೀಲೆ ಮೊದಲು ಕೇಳಿದ್ದು ನನ್ನ ಕೈಯ ಬಗ್ಗೆ ಅಲ್ಲ.

"ಸೈಕಲ್ ಎಲ್ಲಿದೆ? ರಿಪೇರಿಗೆ ಕೊಟ್ಟಿಲ್ಲ ತಾನೇ?"

"ಇಲ್ಲ ಮೇಡಂ, ಮನೇಲೇ ಇದೆ."

"ಒರೆಸಲೂ ಬೇಡಿ. ಹೆಲ್ಮೆಟ್, ಅವತ್ತು ಹಾಕಿದ್ದ ಬಟ್ಟೆ, ಶೂ ಎಲ್ಲಾ ಒಂದು ಚೀಲಕ್ಕೆ ಹಾಕಿ ಕಟ್ಟಿಡಿ."

ಹ್ಯಾಂಡಲಿನ ತುದಿಯ ಪ್ಲಾಸ್ಟಿಕ್ ಬಿರಡೆಯ ಮೇಲೆ ಉಗುರಿನಷ್ಟು ಅಗಲದ ಬಿಳಿ ಬಣ್ಣ ಮೆತ್ತಿಕೊಂಡಿತ್ತು. ಕಾರು ಬಿಳಿಯದು. ಸೈಕಲ್ ನೆಟ್ಟಗೆ ನಿಲ್ಲಿಸಿ ಆ ಗುರುತು ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ ಅಳೆದೆವು. ಕಾರಿನ ಕನ್ನಡಿಯ ಎತ್ತರಕ್ಕೆ ಸರಿಯಾಗಿ ಕೂತಿತು. ಕಾರಿನ ಬಾಗಿಲಿನ ಮೇಲೆ ಎಲ್ಲೂ ಗೀರಿರಲಿಲ್ಲ. ಮೇಡಂ ಇದನ್ನೇ ಹಿಡಿದರು. ನಾನು ವಾಲಿ ಬಂದಿದ್ದರೆ ಕಾರಿನ ಪಕ್ಕಕ್ಕೆ ಭುಜವೋ ಮೊಣಕೈಯೋ ತಾಗಬೇಕಿತ್ತು, ಪೆಡಲಿನ ಗೆರೆ ರಸ್ತೆಯ ಒಳಭಾಗದಲ್ಲಿ ಬೀಳಬೇಕಿತ್ತು. ಗೆರೆ ಅಂಚಿನಲ್ಲಿದೆ, ತಾಗಿದ್ದು ಕನ್ನಡಿ ಮಾತ್ರ. ಹಾಗಿದ್ದರೆ ಯಾರು ಯಾರ ಹತ್ತಿರ ಬಂದರು?

ಸೈಕಲ್ಲಿನ ಜಿಪಿಎಸ್ ಫೈಲನ್ನೂ ಕೊಟ್ಟೆ. ಅದರ ಮೇಲೆ ಜಾಸ್ತಿ ನೆಚ್ಚಿಕೊಳ್ಳಬಾರದು. ಕೆಲವು ಮೀಟರ್ ಆಚೀಚೆ ಆಗುವುದು ಜಿಪಿಎಸ್ ಸ್ವಭಾವ, ಹಾಗಾಗಿ ರಸ್ತೆಯಲ್ಲಿ ಯಾವ ಬದಿಗಿದ್ದೆ ಅಂತ ಅದು ಹೇಳಲಾರದು. ವೇಗ ಮತ್ತು ಸಮಯ ಮಾತ್ರ ಚೆನ್ನಾಗಿ ಹೇಳುತ್ತದೆ. ಎದುರಿನ ಕಟ್ಟಡದ ಸಿಸಿಟಿವಿ ಇದಕ್ಕಿಂತ ಉಪಯೋಗಕ್ಕೆ ಬಂತು. ಡಿಕ್ಕಿ ಅದರಲ್ಲಿಲ್ಲ, ಆದರೆ ಅದಕ್ಕೂ ಸ್ವಲ್ಪ ಮೊದಲು ನಾನು ಅಂಚಿನಲ್ಲೇ ನೆಟ್ಟಗೆ ಹೋಗುತ್ತಿರುವುದು, ಹಿಂದಿನ ಕೆಂಪು ದೀಪ ಮಿನುಗುತ್ತಿರುವುದು ಕಾಣುತ್ತದೆ. ಇಂಥ ಕ್ಯಾಮೆರಾಗಳು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತವೆ. ಕೆಲವೇ ದಿನದಲ್ಲಿ ಅಳಿಸಿಹೋಗಬಹುದು. "ಈ ಸಮಯದ ವಿಡಿಯೋ ತೆಗೆದಿಡಿ" ಅಂತ ಕಾಗದದಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಂಡೆವು. ಕಾಗದ ನೋಡಿದ ಮೇಲೆಯೇ ಅವರು ಎದ್ದು ಕಂಪ್ಯೂಟರಿನ ಹತ್ತಿರ ಹೋದದ್ದು.

ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ, ವಿಮಾ ಕಂಪನಿಯಿಂದ ಫೋನ್ ಬಂತು. ತುಂಬಾ ಮರ್ಯಾದೆಯಿಂದ, "ಈಗ ಹೇಗಿದ್ದೀರಿ ಸಾರ್?" ಅಂದರು. ಅಭ್ಯಾಸಬಲ, ಯಾರು ಕೇಳಿದರೂ "ಚೆನ್ನಾಗಿದ್ದೀನಿ" ಅಂತೀವಿ, ಅಲ್ವಾ? ಆ ಉತ್ತರ ಫೈಲಿನಲ್ಲಿ "ಗುಣವಾಗಿದ್ದಾರೆ" ಅಂತ ಕೂರುತ್ತದೆ. ಮೇಡಂ ಮೊದಲೇ ಎಚ್ಚರಿಸಿದ್ದರಿಂದ, "ಏನಿದ್ದರೂ ನಮ್ಮ ವಕೀಲರಿಗೆ ಬರೆದು ಕಳಿಸಿ" ಅಂತ ಹೇಳಿ ಇಟ್ಟೆ. ಕೆಲವು ದಿನದಲ್ಲೇ ಒಂದು ಮೊತ್ತದ ಪತ್ರ ಬಂತು, ಕೆಳಗೆ "ಇದು ಪೂರ್ಣ ಮತ್ತು ಅಂತಿಮ" ಅನ್ನುವ ಸಾಲು. ಸ್ಕ್ಯಾನ್ ಆಗುವ ಮೊದಲೇ ಬಂದ ಪತ್ರ ಅದು. ಅಲ್ಲಿ ಸಹಿ ಹಾಕಿದ್ದರೆ ಆಪರೇಷನ್ ಖರ್ಚು ನನ್ನ ತಲೆಗೆ ಬರುತ್ತಿತ್ತು. ಗಾಯ ಇನ್ನು ಇಷ್ಟೇ, ಇದಕ್ಕಿಂತ ಸುಧಾರಿಸಲ್ಲ ಅಂತ ಡಾಕ್ಟರು ಹೇಳುವವರೆಗೆ ಯಾವ ಮೊತ್ತ ಸರಿ, ಯಾವುದು ಕಡಿಮೆ ಅಂತ ಯಾರಿಗೂ ಹೇಳೋಕಾಗಲ್ಲ.

ಹಾಗಂತ ಕೇಸು ಹಾಕುವುದನ್ನು ಎಳೆಯಬಾರದು. ಕಾಲಮಿತಿ ಅಂತ ಒಂದಿದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 3 ವರ್ಷ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಪಘಾತ ಆದ 6 ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು ಅನ್ನುತ್ತದೆ. ಅರ್ಜಿ ಬೇಗ ಹಾಕಿ, ರಾಜಿ ನಿಧಾನಕ್ಕೆ ಮಾಡಿಕೊಳ್ಳಿ.

ತಪ್ಪು ಯಾರದು ಅನ್ನುವ ಲೆಕ್ಕ ದೇಶದಿಂದ ದೇಶಕ್ಕೆ ಎಷ್ಟು ಬದಲಾಗುತ್ತದೆ ಅಂತ ಈ ಕೇಸಿನ ನೆಪದಲ್ಲಿ ಓದಿಕೊಂಡೆ. ನೆದರ್‌ಲೆಂಡ್ಸ್‌ನಲ್ಲಿ ಕಾರು ಸೈಕಲ್ಲಿಗೆ ಡಿಕ್ಕಿ ಹೊಡೆದರೆ, ತನ್ನ ಕೈಮೀರಿ ಆದದ್ದು ಅಂತ ಕಾರಿನವರೇ ತೋರಿಸಬೇಕು. ತೋರಿಸಲಾಗದಿದ್ದರೆ, ಸೈಕಲ್ಲಿನವರದೂ ತಪ್ಪಿದ್ದರೂ ನಷ್ಟದಲ್ಲಿ ಕನಿಷ್ಠ ಅರ್ಧ ಸಿಗುತ್ತದೆ; 14 ವರ್ಷದೊಳಗಿನ ಮಕ್ಕಳಿಗೆ ಬಹುತೇಕ ಪೂರ್ತಿ. ಫ್ರಾನ್ಸಿನಲ್ಲಿ 1985ರ ಕಾನೂನು ಗಾಯಗೊಂಡ ಸೈಕಲ್ ಸವಾರರನ್ನು ಇದೇ ರೀತಿ ಕಾಯುತ್ತದೆ. ಅಮೆರಿಕದ ಅಲಬಾಮಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ, ವರ್ಜೀನಿಯಾದಲ್ಲಿ ಪೂರಾ ತಿರುಗುಮುರುಗು. ನಿಮ್ಮದು ಒಂದು ಪಾಲು ತಪ್ಪಿದ್ದರೂ ಸಾಮಾನ್ಯವಾಗಿ ಕೈಗೆ ಏನೂ ಬರಲ್ಲ. ಉಳಿದ ಬಹಳಷ್ಟು ಕಡೆ ತಪ್ಪಿನ ಪಾಲಿಗೆ ತಕ್ಕಷ್ಟು ಕಡಿತ. ಅದಕ್ಕೇ ವಿಮೆಯವರು ನಮ್ಮ ತಲೆಗೆ ಸ್ವಲ್ಪವಾದರೂ ತಪ್ಪು ಕಟ್ಟಲು ಅಷ್ಟು ಕಷ್ಟಪಡುವುದು.

ನನ್ನ ವಿಷಯದಲ್ಲಿ ಅವರು ಹೆಲ್ಮೆಟ್ ಬಗ್ಗೆ ಕೇಳಿದರು. ಹಾಕಿದ್ದೆ. ಹಾಕಿರದಿದ್ದರೂ ಹೆಲ್ಮೆಟ್ ಮಣಿಕಟ್ಟನ್ನು ಕಾಯುತ್ತಾ ಅಂತ ಮೇಡಂ ತಿರುಗಿ ಕೇಳಿದರು. ಜರ್ಮನಿಯಲ್ಲಿ ಇದಕ್ಕಿಂತ ಗಟ್ಟಿಯಾದ ಪ್ರಕರಣ ನಡೆದಿದೆ. ನಿಂತ ಕಾರಿನ ಬಾಗಿಲು ತಟ್ಟನೆ ತೆರೆದು, ಹೆಲ್ಮೆಟ್ ಇಲ್ಲದ ಮಹಿಳೆ ಸೈಕಲ್ಲಿನಿಂದ ಬಿದ್ದು ತಲೆಗೇ ಪೆಟ್ಟಾಗಿತ್ತು. ಕೆಳಗಿನ ಕೋರ್ಟು ಶೇ. 20 ತಪ್ಪು ಅವರದು ಅಂದಿತ್ತು. 2014ರಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ಕೋರ್ಟು ಆ ಕಡಿತವನ್ನು ತೆಗೆದುಹಾಕಿತು.

ದಾಟುವಾಗ ಎಷ್ಟು ಅಂತರ ಬಿಡಬೇಕು ಅನ್ನುವುದಕ್ಕೂ ಈಗ ಹಲವು ಕಡೆ ಅಂಕಿಯಿದೆ. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್. ಫ್ರಾನ್ಸಿನಲ್ಲಿ 1 ಮತ್ತು 1.5. ಕನ್ನಡಿ ತಾಗಿದೆ ಅಂದರೆ ಅಂತರ ಸೊನ್ನೆ. ಅದಕ್ಕೆ ಅಂಕಿಯ ಜಗಳವೇ ಬೇಕಿಲ್ಲ.

ಎಲ್ಲಕ್ಕಿಂತ ತಲೆನೋವಾದದ್ದು ಸಂಪಾದನೆಯ ಲೆಕ್ಕ. ನಾನು ಫೋನು, ಲ್ಯಾಪ್‌ಟಾಪ್ ಬೋರ್ಡುಗಳನ್ನು ರಿಪೇರಿ ಮಾಡುವವನು. ಬಲಗೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಅಲುಗದೆ ಕೂರಬೇಕು. ಸಂಬಳದ ಚೀಟಿ ಇಲ್ಲದವರು ನಷ್ಟ ತೋರಿಸುವುದು ಹೇಗೆ? ಕೆಲಸದ ರಿಜಿಸ್ಟರ್ ಕೈ ಹಿಡಿಯಿತು. ಅಪಘಾತಕ್ಕೆ ಮೊದಲಿನ ತಿಂಗಳುಗಳ ಬಿಲ್ಲುಗಳು, ತೆರಿಗೆ ರಿಟರ್ನ್, ಆಮೇಲೆ "ಮಾಡಲಾಗದೆ ವಾಪಸ್ ಕೊಟ್ಟಿದ್ದು" ಅಂತ ಬರೆದ ಸಾಲುಗಳು, ಎಲ್ಲಾ ಜೋಡಿಸಿ ಕೊಟ್ಟೆ. ಎಡಗೈಯಲ್ಲಿ ಗೀಚಿದ ಸಾಲುಗಳು ಅವು, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ದಿನಾ ರಾತ್ರಿ ಎರಡು ಸಾಲು ಡೈರಿಯನ್ನೂ ಇಟ್ಟೆ. "ತುಂಬಾ ನೋವು" ಅಂತ ಬರೆದರೆ ಉಪಯೋಗವಿಲ್ಲ. "ಬಾಟಲಿ ಮುಚ್ಚಳ ತಿರುಗಿಸಲಾಗಲಿಲ್ಲ," "ಅಂಗಿ ಗುಂಡಿ ಹಾಕಿಸಿಕೊಂಡೆ" ಅಂತ ಬರೆದದ್ದು ಉಪಯೋಗಕ್ಕೆ ಬಂತು.

ಡಾಕ್ಟರು ಕೊಡುವ ಅಂಗವೈಕಲ್ಯದ ಶೇಕಡಾವಾರು ಒಂದು, ದುಡಿಯುವ ಶಕ್ತಿ ಹೋದ ಶೇಕಡಾವಾರು ಇನ್ನೊಂದು. ಭಾರತದ ಸುಪ್ರೀಂ ಕೋರ್ಟು 2010ರ ಒಂದು ತೀರ್ಪಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವರು ಡ್ರೈವರೋ ಬಡಗಿಯೋ ಆಗಿದ್ದರೆ ಸಂಪಾದನೆ ಪೂರ್ತಿಯೇ ಹೋದಂತೆ. ಸರ್ಕಾರಿ ಗುಮಾಸ್ತರಾದರೆ ಕೆಲಸ ಉಳಿಯಬಹುದು. ನಮ್ಮ ಮೇಡಂ ಇದೇ ದಾರಿಯಲ್ಲಿ ಹೋದರು. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ ಅಂತ ಬರೆದರೆ ಸಾಲದು, ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗವನ್ನು ಎಷ್ಟು ಹೊತ್ತು ಹಿಡಿಯಬಲ್ಲ ಅಂತಲೂ ಬರೆಯಿರಿ ಅಂತ ಡಾಕ್ಟರನ್ನು ಕೇಳಿಕೊಂಡರು.

ಕೊನೆಗೆ ತೀರ್ಪಿನವರೆಗೆ ಹೋಗಲಿಲ್ಲ. ಮಣಿಕಟ್ಟನ್ನೂ ಸೇರಿಸಿ ರಾಜಿಯಾಯಿತು. ಮುಂದೆ ಸ್ಕ್ರೂ ತೆಗೆಸಬೇಕಾದರೆ ಆಗುವ ಖರ್ಚನ್ನೂ ಅಂದಾಜು ಹಿಡಿದು ಮೊತ್ತದಲ್ಲಿ ಸೇರಿಸಿದರು. ಸೈಕಲ್ ಮತ್ತು ಹೆಲ್ಮೆಟ್ಟಿನದು ಬೇರೆ ಸಾಲು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಫೋಮ್ ಅಮುಕಿಹೋಗಿರುತ್ತದೆ, ಹೊರಗೆ ಬಿರುಕಿಲ್ಲದಿದ್ದರೂ ಹೊಸದೇ ಬೇಕು. ಅದನ್ನು ಕೇಳೋಕೆ ಸಂಕೋಚ ಬೇಡ.

ಸಹಿಗೆ ಮೊದಲು ಒಂದು ಹಾಳೆ ಕೇಳಿ ಬರೆಸಿಕೊಂಡೆ. ಒಟ್ಟು ಎಷ್ಟು, ವಕೀಲರ ಫೀಸು ಎಷ್ಟು, ತಜ್ಞರ ವರದಿಗೆ ಎಷ್ಟು, ನನ್ನ ಕೈಗೆ ಎಷ್ಟು. ಆಸ್ಪತ್ರೆ ಬಿಲ್ಲನ್ನು ಮೊದಲು ನಿಮ್ಮ ಆರೋಗ್ಯ ವಿಮೆ ಕಟ್ಟಿದ್ದರೆ, ಪರಿಹಾರದಲ್ಲಿ ಆ ಹಣ ತಮಗೆ ವಾಪಸ್ ಬರಬೇಕು ಅಂತ ಅವರು ಕೇಳಬಹುದು. ಆ ಸಾಲೂ ಅದೇ ಹಾಳೆಯಲ್ಲಿ ಇರಲಿ.